ಹಿಟ್ಟಿನ ಹುಂಜದ ಕೂಗು: ಸೃಷ್ಟಿಕರ್ತನಿಲ್ಲದ ಧರ್ಮಕ್ಕೆ ಜನ್ನನ ಸಾಕ್ಷ್ಯ

1. ಪ್ರಶ್ನೆ

ದೇವರ ಭಯವಿಲ್ಲದಿದ್ದರೆ ಮನುಷ್ಯ ಒಳ್ಳೆಯವನಾಗಿ ಉಳಿಯುತ್ತಾನೆಯೇ? ದೇವರನ್ನು ನಂಬದವನ ಬಾಳಿಗೆ ಅರ್ಥ ಎಲ್ಲಿಂದ ಬರಬೇಕು? ಈ ಪ್ರಶ್ನೆಗಳು ಪಶ್ಚಿಮದಿಂದ ಬಂದವು, ಇಲ್ಲವೇ ಇತ್ತೀಚಿನ ವಿಚಾರವಾದಿಗಳು ಎತ್ತಿದವು ಎಂಬ ಭಾವನೆ ನಮ್ಮ ಚರ್ಚೆಗಳಲ್ಲಿ ಬೇರೂರಿದೆ. ಕನ್ನಡ ಸಾಹಿತ್ಯದ ಇತಿಹಾಸ ಇದನ್ನು ಸಮರ್ಥಿಸುವುದಿಲ್ಲ. ಪಂಪ, ಪೊನ್ನ, ರನ್ನ, ಜನ್ನ ಇವರೆಲ್ಲ ಸೃಷ್ಟಿಕರ್ತನಾದ ಈಶ್ವರನನ್ನು ಒಪ್ಪದ ಜೈನ ಮತದವರು. ಕನ್ನಡ ಕಾವ್ಯ ಧರ್ಮಾಧರ್ಮಗಳ ಮಾತನ್ನು ಕಲಿತದ್ದು ಬಹುಮಟ್ಟಿಗೆ ಇಂಥವರ ಕೈಯಲ್ಲಿ. ಹೊಯ್ಸಳ ವೀರಬಲ್ಲಾಳನ ಆಸ್ಥಾನದ ಜನ್ನ 1209ರಲ್ಲಿ ಬರೆದ ‘ಯಶೋಧರ ಚರಿತೆ’ಯನ್ನು ಮುಂದಿಟ್ಟುಕೊಂಡು ಮೇಲಿನ ಪ್ರಶ್ನೆಗಳನ್ನು ಪರಿಶೀಲಿಸುವುದು ಈ ಟಿಪ್ಪಣಿಯ ಉದ್ದೇಶ.

2. ಪದಗಳ ವಿಚಾರ

‘ನಾಸ್ತಿಕ’ ಎಂದರೆ ದೇವರಿಲ್ಲ ಎನ್ನುವವನು ಎಂಬುದು ಇಂದಿನ ಬಳಕೆ. ಹಳೆಯ ಬಳಕೆ ಬೇರೆ. ಮನುಸ್ಮೃತಿ ವೇದವನ್ನು ನಿಂದಿಸುವವನನ್ನು ನಾಸ್ತಿಕನೆನ್ನುತ್ತದೆ. ಪಾಣಿನಿಯ ಸೂತ್ರವೊಂದು ‘ಉಂಟು’, ‘ಇಲ್ಲ’ ಎಂಬ ಬುದ್ಧಿಗಳಿಂದ ಆಸ್ತಿಕ, ನಾಸ್ತಿಕ ಪದಗಳನ್ನು ಸಾಧಿಸುತ್ತದೆ. ಆ ಉಂಟು–ಇಲ್ಲಗಳು ಪರಲೋಕಕ್ಕೆ ಸಂಬಂಧಿಸಿದವು ಎಂದು ವ್ಯಾಖ್ಯಾನಕಾರರು ಬಿಡಿಸುತ್ತಾರೆ. ಎರಡು ಕಡೆಯೂ ಈಶ್ವರನ ಪ್ರಸ್ತಾಪವಿಲ್ಲ.

ಈ ಅಳತೆಯಲ್ಲಿ, ವೇದವನ್ನೇ ಪ್ರಮಾಣವೆನ್ನುವ ಪೂರ್ವಮೀಮಾಂಸಕರು ಪರಮ ಆಸ್ತಿಕರು. ಆದರೂ ಅವರಲ್ಲೊಬ್ಬನಾದ, ಏಳನೆಯ ಶತಮಾನದ ಕುಮಾರಿಲ ಭಟ್ಟ ‘ಶ್ಲೋಕವಾರ್ತಿಕ’ದಲ್ಲಿ ಸೃಷ್ಟಿಕರ್ತನ ಕಲ್ಪನೆಯನ್ನು ಖಂಡಿಸುತ್ತಾನೆ. ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷನ ಕಾಲದ ಜಿನಸೇನಾಚಾರ್ಯರು ಸಂಸ್ಕೃತ ‘ಆದಿಪುರಾಣ’ದಲ್ಲಿ ಅದೇ ಕೆಲಸ ಮಾಡುತ್ತಾರೆ: ಸೃಷ್ಟಿಗೆ ಮೊದಲು ಸೃಷ್ಟಿಕರ್ತ ಎಲ್ಲಿ ನಿಂತಿದ್ದ, ಯಾವ ಸಾಮಗ್ರಿಯಿಂದ ಮಾಡಿದ, ಪರಿಪೂರ್ಣನಾಗಿದ್ದರೆ ಮಾಡುವ ಬಯಕೆ ಏಕೆ ಹುಟ್ಟಿತು ಎಂದು ಒಂದೊಂದಾಗಿ ಕೇಳುತ್ತಾರೆ. 941ರ ಪಂಪನ ‘ಆದಿಪುರಾಣ’ಕ್ಕೆ ಇದೇ ಆಕರ. ವೇದವನ್ನು ಒಪ್ಪಿದವರಲ್ಲೂ ಒಪ್ಪದವರಲ್ಲೂ ಸೃಷ್ಟಿಕರ್ತನನ್ನು ಬಿಟ್ಟು ಧರ್ಮವನ್ನು ನಿಲ್ಲಿಸಿದವರಿದ್ದರು ಎಂಬುದು ಇದರಿಂದ ಸ್ಪಷ್ಟ.

3. ಕಥೆಯ ಸಾರ

ಚಂಡಮಾರಿ ದೇವಿಗೆ ಬಲಿ ಕೊಡಲು ಮಾರಿದತ್ತ ರಾಜನ ಆಳುಗಳು ಇಬ್ಬರು ಎಳೆಯರನ್ನು ಹಿಡಿದು ತರುತ್ತಾರೆ: ಅಭಯರುಚಿ ಮತ್ತು ಅವನ ತಂಗಿ ಅಭಯಮತಿ. ಕತ್ತಿಯ ಮುಂದೆ ಅಳುಕದೆ ನಿಂತ ಇವರನ್ನು ಕಂಡು ರಾಜ ಬೆರಗಾಗಿ ಯಾರೆಂದು ಕೇಳುತ್ತಾನೆ. ಅಭಯರುಚಿ ಹೇಳುವ ಉತ್ತರವೇ ಕಾವ್ಯ.

ಉಜ್ಜಯಿನಿಯ ರಾಜ ಯಶೋಧರ. ಅವನ ರಾಣಿ ಅಮೃತಮತಿ ಕುರೂಪಿ ಮಾವುತನೊಬ್ಬನ ಹಾಡಿಗೆ ಮನಸೋಲುತ್ತಾಳೆ. ಇದನ್ನು ಕಣ್ಣಾರೆ ಕಂಡ ರಾಜ ತಾಯಿ ಚಂದ್ರಮತಿಗೆ ಕನಸೊಂದರ ನೆವದಲ್ಲಿ ತನ್ನ ಕಳವಳ ತೋಡಿಕೊಳ್ಳುತ್ತಾನೆ. ಕೆಟ್ಟ ಕನಸಿನ ಶಾಂತಿಗಾಗಿ ದೇವಿಗೆ ಪ್ರಾಣಿಬಲಿ ಕೊಡು ಎನ್ನುತ್ತಾಳೆ ಆಕೆ. ಕೊಲ್ಲಲು ಒಪ್ಪದ ಮಗ, ತಾಯಿಯ ಒತ್ತಾಯಕ್ಕೆ ಕಟ್ಟುಬಿದ್ದು ಹಿಟ್ಟಿನಿಂದ ಮಾಡಿದ ಹುಂಜವನ್ನು ಕಡಿಯುತ್ತಾನೆ. ಕಡಿದೊಡನೆ ಅದು ಕೂಗುತ್ತದೆ. ಮುಂದೆ ತಾಯಿ ಮಗ ಇಬ್ಬರೂ ಅಮೃತಮತಿಯ ವಿಷಕ್ಕೆ ಬಲಿಯಾಗುತ್ತಾರೆ. ನವಿಲು ನಾಯಿಗಳಾಗಿ, ಮತ್ತೆ ಮತ್ತೆ ಪ್ರಾಣಿಗಳಾಗಿ ಹುಟ್ಟಿ ಸಾಯುತ್ತಾರೆ. ಕೊನೆಗೆ ಕೋಳಿಗಳಾಗಿದ್ದಾಗ ಯಶೋಧರನ ಮಗ ಯಶೋಮತಿಯ ಬಾಣಕ್ಕೆ ತುತ್ತಾಗಿ, ಅವನದೇ ಅವಳಿ ಮಕ್ಕಳಾಗಿ ಹುಟ್ಟುತ್ತಾರೆ. ಅವರೇ ಈ ಅಣ್ಣ ತಂಗಿ. ಕೇಳಿದ ಮಾರಿದತ್ತ ಬಲಿಯನ್ನು ಕೈಬಿಡುತ್ತಾನೆ.

ಕಥೆ ಜನ್ನನ ಸ್ವಂತದ್ದಲ್ಲ. ಸೋಮದೇವನ ‘ಯಶಸ್ತಿಲಕ’ (959), ಪುಷ್ಪದಂತನ ಅಪಭ್ರಂಶ ಕಾವ್ಯ, ಜನ್ನನ ನೇರ ಆಕರವಾದ ವಾದಿರಾಜನ ಸಂಸ್ಕೃತ ಕಾವ್ಯ ಇವೆಲ್ಲ ಅದಕ್ಕಿಂತ ಹಿಂದಿನವು. ಗಿರೀಶ ಕಾರ್ನಾಡರು ‘ಹಿಟ್ಟಿನ ಹುಂಜ’ ನಾಟಕದಲ್ಲಿ ಇದನ್ನೇ ಕೈಗೆತ್ತಿಕೊಂಡರು. ಸುಮಾರು ಒಂದು ಸಾವಿರ ವರ್ಷ ಈ ಹುಂಜ ನಮ್ಮ ಕವಿಗಳನ್ನು ಸುಮ್ಮನಿರಲು ಬಿಟ್ಟಿಲ್ಲ.

4. ತಪ್ಪು ಎಲ್ಲಿದೆ?

ಹಿಟ್ಟನ್ನು ಕಡಿದರೆ ಯಾರಿಗೂ ನೋವಿಲ್ಲ. ಬಲಿಯನ್ನು ಬಯಸಿದ ದೇವತೆಗೂ ಅಸಮಾಧಾನವಿಲ್ಲ, ವಿಧಿ ಪೂರ್ತಿಯಾಗಿದೆ. ದೇವರ ಆಜ್ಞೆಯೇ ನೀತಿಯ ಮೂಲವಾಗಿದ್ದರೆ ಯಶೋಧರ ನಿರ್ದೋಷಿ. ಜನ್ನನ ಕಾವ್ಯ ಅವನನ್ನು ದೋಷಿ ಎನ್ನುತ್ತದೆ, ಏಕೆಂದರೆ ಕೊಲ್ಲುವ ಸಂಕಲ್ಪ ಅವನ ಕೈಯಲ್ಲಿತ್ತು. ಜೈನ ಶಾಸ್ತ್ರ ಹಿಂಸೆಯನ್ನು ಮನಸ್ಸಿನಲ್ಲಿ ನಡೆಯುವ ಭಾವಹಿಂಸೆ, ಹೊರಗೆ ನಡೆಯುವ ದ್ರವ್ಯಹಿಂಸೆ ಎಂದು ವಿಂಗಡಿಸುತ್ತದೆ. ‘ತತ್ತ್ವಾರ್ಥಸೂತ್ರ’ ಹಿಂಸೆಯನ್ನು ನಿರೂಪಿಸುವಾಗ ಪ್ರಾಣಹಾನಿಯ ಜೊತೆಗೆ ಅದರ ಹಿಂದಿನ ಪ್ರಮತ್ತ ಮನಸ್ಸನ್ನೂ ಹೆಸರಿಸುತ್ತದೆ.

ಇಲ್ಲಿ ಒಂದು ಎಚ್ಚರ ಬೇಕು. ಹುಂಜದ ಚೆಲುವಿಗೆ ಮರುಳಾಗಿ ಬೆಂತರವೊಂದು (ಅಲೆಯುವ ಚೇತನ) ಅದರೊಳಗೆ ಹೊಕ್ಕಿತ್ತು ಎಂದು ಕಾವ್ಯ ಹೇಳುತ್ತದೆ. ಹಾಗಾಗಿ ಇದು ಬರಿಯ ಸಂಕಲ್ಪಹಿಂಸೆಯ ಉದಾಹರಣೆ ಎಂದು ಮುಗಿಸಿಬಿಡುವಂತಿಲ್ಲ. ನನ್ನ ಓದಿನಲ್ಲಿ ಆ ಕೂಗಿಗೆ ಇನ್ನೂ ಒಂದು ಕೆಲಸವಿದೆ. ನಿರ್ಜೀವವೆಂದು ಮನಸ್ಸನ್ನು ಸಮಾಧಾನಪಡಿಸಿಕೊಂಡವನಿಗೆ, ತಾನು ಕಡಿದದ್ದಕ್ಕೆ ದನಿಯಿದೆ ಎಂಬುದನ್ನು ಅದು ಕೇಳಿಸುತ್ತದೆ.

ಮುಂದಿನ ಜನ್ಮಗಳ ಸರಣಿಯೂ ಹೀಗೆಯೇ. ಮೇಲುನೋಟಕ್ಕೆ ಅದು ಶಿಕ್ಷೆಯ ಪಟ್ಟಿ. ವಿವರಗಳನ್ನು ಗಮನಿಸಿದರೆ ಕೊಂದವನು ಕೊಲೆಯಾಗುವವನ ಮೈಯೊಳಗೆ ಹೊಕ್ಕು ಬರುವ ಪ್ರಯಾಣ. ನಾಯಿಯಾದ ತಾಯಿ ನವಿಲಾದ ಮಗನನ್ನು ಕೊಲ್ಲುತ್ತಾಳೆ. ಯಶೋಮತಿಯ ಬಾಣಕ್ಕೆ ಅವನ ತಂದೆಯೂ ಅಜ್ಜಿಯೂ ಬೀಳುತ್ತಾರೆ. ಎದುರಿಗಿರುವ ಪ್ರಾಣಿ ಅನ್ಯವಲ್ಲ, ತನ್ನವರೇ ಎಂಬ ಅರಿವು ಕಥೆಯ ಪ್ರತಿ ತಿರುವಿನಲ್ಲೂ ಇದೆ. ಮಾರಿದತ್ತ ಬದಲಾಗುವುದು ಬಲಿಪೀಠದಲ್ಲಿ ನಿಂತವರ ಬಾಯಿಂದ ಬಲಿಯ ಅನುಭವ ಕೇಳಿದ ಮೇಲೆ.

5. ಆಕ್ಷೇಪ: ಕರ್ಮವೇ ದೇವರ ಜಾಗದಲ್ಲಿಲ್ಲವೇ?

ಇದು ಗಟ್ಟಿಯಾದ ಆಕ್ಷೇಪ, ಹಳೆಯದೂ ಹೌದು. ಬ್ರಹ್ಮಸೂತ್ರದ ಮೂರನೆಯ ಅಧ್ಯಾಯದ ಎರಡನೆಯ ಪಾದದ ಕೊನೆಯಲ್ಲಿ ಕರ್ಮಫಲ ಕೊಡುವವರು ಯಾರೆಂಬ ಚರ್ಚೆಯಿದೆ. ಧರ್ಮವೇ ಕೊಡುತ್ತದೆ ಎಂಬುದು ಜೈಮಿನಿಯ ಮತ. ಈಶ್ವರ ಕೊಡುತ್ತಾನೆ ಎಂಬುದು ಬಾದರಾಯಣನ ಸಿದ್ಧಾಂತ. ‘ನ್ಯಾಯಕುಸುಮಾಂಜಲಿ’ ಬರೆದ ಉದಯನನೂ ಜಡವಾದ ‘ಅದೃಷ್ಟ’ವನ್ನು, ಎಂದರೆ ಕರ್ಮದ ಕಾಣದ ಫಲಶಕ್ತಿಯನ್ನು, ನಡೆಸಲು ಚೇತನನೊಬ್ಬ ಬೇಕು ಎಂದು ವಾದಿಸುತ್ತಾನೆ. ಮೀಮಾಂಸಕರು ‘ಅಪೂರ್ವ’ ಎಂಬ ಶಕ್ತಿಯಿಂದಲೂ ಜೈನರು ಜೀವಕ್ಕೆ ಅಂಟುವ ಕರ್ಮಪುದ್ಗಲದಿಂದಲೂ ಇದಕ್ಕೆ ಉತ್ತರ ಕೊಟ್ಟರು.

ಹಾಗಾಗಿ ಜನ್ನನ ಸಾಕ್ಷ್ಯಕ್ಕೆ ಗಡಿಯಿದೆ. ನೀತಿಗೆ ಸೃಷ್ಟಿಕರ್ತ ಬೇಡ ಎಂಬುದಕ್ಕೆ ಅವನು ಸಾಕ್ಷಿ. ಪುನರ್ಜನ್ಮವೂ ಬೇಡ, ಲೋಕಕ್ಕೆ ಯಾವ ನೈತಿಕ ಕಟ್ಟಳೆಯೂ ಬೇಡ ಎಂಬ ಇಂದಿನ ನಿಲುವಿಗೆ ಅವನನ್ನು ಎಳೆದು ತರುವುದು ಅನ್ಯಾಯ. 1991ರಲ್ಲಿ ‘ದೇವರು’ ಬರೆದ ಎ. ಎನ್. ಮೂರ್ತಿರಾಯರಂಥವರ ನಿಲುವನ್ನು ಅದರದೇ ನೆಲೆಯಲ್ಲಿ ಪರೀಕ್ಷಿಸಬೇಕು.

ಆದರೂ ಕರ್ಮಕ್ಕೂ ಈಶ್ವರನಿಗೂ ಒಂದು ಮುಖ್ಯ ವ್ಯತ್ಯಾಸವಿದೆ. ಕರ್ಮವನ್ನು ಓಲೈಸಲಾಗದು. ಅದಕ್ಕೆ ಹರಕೆ ಹೊರುವಂತಿಲ್ಲ, ಹಿಟ್ಟಿನ ಹುಂಜ ಕೊಟ್ಟು ರಾಜಿ ಮಾಡಿಕೊಳ್ಳುವಂತಿಲ್ಲ. ಯಶೋಧರ ಕಂಡುಕೊಂಡ ಉಪಾಯ ಸೋಲುವುದು ಈ ಕಾರಣಕ್ಕೇ.

6. ಬಾಳಿನ ಅರ್ಥ ಮತ್ತು ಆಚರಣೆ

ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಗಳ ಮೇಲೆ ಸುಮಾರು ಏಳನೆಯ ಶತಮಾನದಿಂದ ಸಲ್ಲೇಖನದ (ಉಪವಾಸವಿದ್ದು ದೇಹ ಬಿಡುವ ವ್ರತದ) ಶಾಸನಗಳಿವೆ. ಬಿಡುಗಡೆಯನ್ನು ಕರುಣಿಸುವ ಕರ್ತೃವನ್ನು ನೆಚ್ಚದೆ ಸಾವನ್ನು ಶಾಂತವಾಗಿ ಎದುರುಗೊಂಡವರ ನೆನಪು ಅವು. ಬಾಳಿಗೆ ಗುರಿಯಿತ್ತು, ಗುರಿಯನ್ನು ತಲುಪುವುದು ತಮ್ಮದೇ ಹೊಣೆ ಎಂಬ ನಂಬಿಕೆಯಿತ್ತು.

ಇದರ ಪಕ್ಕದಲ್ಲೇ ಇನ್ನೊಂದು ಸಂಗತಿಯನ್ನೂ ಇಡಬೇಕು. ಹುಂಚದ ಪದ್ಮಾವತಿ ದೇವಿಯ ಮುಂದೆ, ನರಸಿಂಹರಾಜಪುರದ ಜ್ವಾಲಾಮಾಲಿನಿ ದೇವಿಯ ಮುಂದೆ ಜೈನ ಶ್ರಾವಕರು ಕಷ್ಟಸುಖ ಹೇಳಿಕೊಂಡು ಬೇಡಿಕೊಳ್ಳುತ್ತ ಬಂದಿದ್ದಾರೆ. ಕರ್ತೃವನ್ನು ಒಪ್ಪದ ಸಿದ್ಧಾಂತದ ನೆರಳಿನಲ್ಲೂ ನೊಂದ ಮನಸ್ಸು ಕೇಳಿಸಿಕೊಳ್ಳುವವರನ್ನು ಹುಡುಕುತ್ತದೆ. ಇದನ್ನು ಮರೆಮಾಚಿದರೆ ಸಂಶೋಧನೆ ಅಪ್ರಾಮಾಣಿಕವಾಗುತ್ತದೆ, ಆ ಮನಸ್ಸಿಗೂ ಅಗೌರವ ಮಾಡಿದಂತಾಗುತ್ತದೆ. ದೇವರು ಸಾಂತ್ವನಕ್ಕೆ ಬೇಕಾಗಬಹುದು. ಸಾಂತ್ವನದ ಅಗತ್ಯದಿಂದ ನೀತಿಯ ಮೂಲ ಸಿದ್ಧವಾಗುವುದಿಲ್ಲ.

7. ತೀರ್ಮಾನ

ದೇವರಿಲ್ಲದೆ ನೀತಿಯಿಲ್ಲ ಎಂಬ ಮಾತನ್ನು ಕನ್ನಡದಲ್ಲಿ ಆಡುವವರು ಕನ್ನಡ ಕಾವ್ಯದ ಮೊದಲ ಶತಮಾನಗಳನ್ನೇ ಪಕ್ಕಕ್ಕಿಡಬೇಕಾಗುತ್ತದೆ. ದೇವರನ್ನು ನಂಬದ ನೆರೆಯವನನ್ನು ನೀತಿಗೆಟ್ಟವನೆಂದು ಶಂಕಿಸುವ ಮೊದಲು ಈ ಪರಂಪರೆಯನ್ನು ನೆನೆಯುವುದು ನಮ್ಮ ಕರ್ತವ್ಯ ಎಂದು ನಾನು ದೃಢವಾಗಿ ನಂಬಿದ್ದೇನೆ. ನಂಬುವವನ ಒಳ್ಳೆಯತನಕ್ಕೂ ಇದರಿಂದ ಕುಂದಿಲ್ಲ. ಯಶೋಧರ ಕತ್ತಿ ಬೀಸಿದಾಗ ಅವನ ಪಕ್ಕದಲ್ಲಿ ತಾಯಿಯಿದ್ದಳು, ಎದುರಿಗೆ ದೇವಿಯಿದ್ದಳು. ತಪ್ಪಾಯಿತೆಂದು ಅವರಿಬ್ಬರೂ ಹೇಳಲಿಲ್ಲ. ಹುಂಜ ಕೂಗಿತು, ಅವನಿಗೆ ಕೇಳಿಸಿತು. ಜನ್ನನ ಕಾವ್ಯದಲ್ಲಿ ಧರ್ಮ ಶುರುವಾಗುವುದು ಆ ಕೇಳುವಿಕೆಯಲ್ಲಿ.