ಗುಬ್ಬಿಯಲ್ಲಿ ಹುರಿದುಂಬಿಸಿದವರು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಓದುಗರೇ, ಗುಬ್ಬಿ ಎಂದೊಡನೆ ನಿಮಗೆ ವೀರಣ್ಣನವರ ನಾಟಕ ಕಂಪನಿ ನೆನಪಾಗುತ್ತದೆ. ನಾಟಕದವರಿಗೂ ಮುಂಚೆ ಅಲ್ಲಿ ವೆಸ್ಲಿಯನ್ ಮಿಷನ್ನಿನವರು ನೆಲೆಸಿದ್ದರು.

1839ರಲ್ಲಿ ವಿಲಿಯಂ ಆರ್ಥರ್ ಎಂಬ ಇಪ್ಪತ್ತರ ಐರಿಷ್ ತರುಣರು ಭಾರತಕ್ಕೆ ಹೊರಟು ಗುಬ್ಬಿಗೆ ಬಂದರು. ಕನ್ನಡ ಕಲಿತು ಮಾತನಾಡತೊಡಗಿದ್ದಷ್ಟೇ, ಕಣ್ಣುಗಳು ಕೈಕೊಟ್ಟವು. 1841ರಲ್ಲಿ ಮರಳಬೇಕಾಯಿತು. ಎರಡು ವರ್ಷಕ್ಕೇ ಮುಗಿದ ಕೆಲಸ! ವ್ಯರ್ಥವೆಂದು ನೀವು ಎನ್ನಬಹುದು. ಆದರೆ 1847ರಲ್ಲಿ ಅವರು 'ಎ ಮಿಷನ್ ಟು ದಿ ಮೈಸೂರ್' ಪ್ರಕಟಿಸಿದರು. ಮುಂದೆ ಮಿಷನರಿ ಸಂಘದ ಕಾರ್ಯದರ್ಶಿಯಾಗಿ, ತಾವು ಮಾಡಲಾಗದೆ ಹೋದ ಕೆಲಸಕ್ಕೆ ಇತರರನ್ನು ವರ್ಷಗಟ್ಟಲೆ ಹುರಿದುಂಬಿಸಿದರು.

ಬೈಬಲಿನ ಬಾರ್ನಬನೂ ಇಂಥವನೇ. ನಿಜವಾದ ಹೆಸರು ಯೋಸೇಫ. 'ಧೈರ್ಯ ತುಂಬುವವನು' ಎಂಬರ್ಥದ ಈ ಹೆಸರನ್ನು ಅಪೊಸ್ತಲರು ಇಟ್ಟರು. ಎಲ್ಲರೂ ಅಂಜಿದ ಸೌಲನನ್ನು ಅವರ ಬಳಿಗೆ ಕರೆತಂದವನು ಅವನು.

ಗುಬ್ಬಿಯಲ್ಲೇ ದುಡಿದ ಥಾಮಸ್ ಹಾಡ್ಸನ್ನರ ರೀತಿ ಬೇರೆ. ಕನ್ನಡ ಕಲಿಯುವ ಹೊಸಬರ ಕೈಗೆ 1859ರಲ್ಲಿ ಒಂದು ವ್ಯಾಕರಣವನ್ನಿತ್ತರು. 1877ರಲ್ಲಿ ಪ್ರಕಟಿಸಿದ 'ಓಲ್ಡ್ ಡೇನಿಯಲ್' ಕ್ರೈಸ್ತನಾದ ಸ್ಥಳೀಯನೊಬ್ಬನ ಚರಿತ್ರೆ. ಗುಬ್ಬಿ ಸೀಮೆಯ ಹಳ್ಳಿ ಬದುಕೂ ಅದರಲ್ಲಿದೆ. ದೀಕ್ಷಾಸ್ನಾನ ಪಡೆದವನಿಗೆ ನೆಂಟರ ಬಾಗಿಲು ಮುಚ್ಚುತ್ತಿದ್ದ ಕಾಲವದು. ಒಂದು ಒಳ್ಳೆಯ ಮಾತಿಗೆ ಎಷ್ಟು ಬೆಲೆಯಿತ್ತೆಂದು ನೀವೇ ಊಹಿಸಿ. ಮಿಷನರಿಗಳು ಬಹುವಾಗಿ ತಮ್ಮ ಪಾಡನ್ನೇ ಬರೆದುಕೊಳ್ಳುತ್ತಿದ್ದಾಗ ಪುಸ್ತಕದ ನೆತ್ತಿಯ ಮೇಲೆ ಅವನ ಹೆಸರು ಬಂದದ್ದು ನನಗಂತೂ ದೊಡ್ಡದೆನಿಸುತ್ತದೆ. ಆದರೆ ಪುಸ್ತಕವಿರುವುದು ಇಂಗ್ಲಿಷಿನಲ್ಲಿ. ಡೇನಿಯಲನ ಮಾತು ಅದರಲ್ಲಿ ಕೇಳಿಸುವುದು ಹಾಡ್ಸನ್ನರ ಲೇಖನಿಯಿಂದಲೇ.