ದೊಡ್ಡತ್ತಿಯ ಕುಸುರೆಳ್ಳು

ಸಂಕ್ರಾಂತಿ ಬಂತು ನೋಡ್ರಿ. ಎಳ್ಳಿನ ಡಬ್ಬಿ ತೊಳದಿಟ್ರೇನು?

‘ಹಿಂದಿನಿಂದ ಬಂದದ್ದು, ಬದಲು ಮಾಡಬಾರದು’ ಅಂತ ನಮ್ಮನ್ಯಾಗ ಎಲ್ಲಾದಕ್ಕೂ ಹೇಳ್ತಿದ್ರು. ಆದ್ರ ಹಬ್ಬದ ತಾರೀಖನ್ನೇ ತಗೋರಿ. ವಿವೇಕಾನಂದರು ಹುಟ್ಟಿದ್ದು 1863ರ ಜನವರಿ 12ಕ್ಕ, ಅವತ್ತು ಸಂಕ್ರಾಂತಿ. ಈಗ 14 ಇಲ್ಲಾ 15ಕ್ಕ ಬರ್ತದ. ಸುಮಾರು 70 ವರ್ಷಕ್ಕ ಒಂದು ದಿನ ಮುಂದ ಸರೀತದ.

ಅಡಗೀನೂ ಹಂಗ. ಭೋಗಿ ದಿನ ಸಜ್ಜಿ ರೊಟ್ಟಿಗೆ ಹಚ್ಚೋ ಎಳ್ಳು ಹರಪ್ಪಾದ ಉತ್ಖನನದಾಗೂ ಸಿಕ್ಕದ, ಅಷ್ಟು ಹಳೇದು. ಆದ್ರ ಹೋಳಿಗಿಗೆ ಹಾಕೋ ಶೇಂಗಾ ದಕ್ಷಿಣ ಅಮೆರಿಕಾದ್ದು. ಕೊಲಂಬಸ್ 1492ರಾಗ ಸಮುದ್ರ ದಾಟಿದ ಮ್ಯಾಲೇ ಇತ್ತಾಗ ಬಂತು. ಎಣಗಾಯಿಗೆ ಹಾಕೋ ಮೆಣಸಿನಕಾಯಿನೂ ಹಂಗ ಬಂದದ್ದು. ಯಾರೂ ಬ್ಯಾಡ ಅನ್ನಲಿಲ್ಲ.

ನಮ್ಮ ದೊಡ್ಡತ್ತಿಗೆ ಮಾತ್ರ ಬ್ಯಾಡ ಅಂದ್ರು. ಗಂಡ ಹೋದ ಮ್ಯಾಲೆ ಅವರನ್ನ ಎಳ್ಳು ಬೀರಲಿಕ್ಕೆ ಯಾರೂ ಕರೀಲಿಲ್ಲ. ಕುಸುರೆಳ್ಳು ಮಾಡೋದು ಮಾತ್ರ ಅವರ ಕೈಲೇ! ಚಳ್ಯಾಗ ಬೆಳಗಿನ ಜಾವ ಎದ್ದು, ಸಣ್ಣ ಉರಿ ಮ್ಯಾಲೆ ಎಳ್ಳಿಗೆ ಚಮಚ ಚಮಚ ಸಕ್ಕರಿ ಪಾಕ ಹಾಕಿ, ಬೆರಳಿಂದ ಆಡಿಸಿ ಆಡಿಸಿ ಬೆಳ್ಳನ ಮುಳ್ಳು ಬರಸ್ತಿದ್ರು. ಸಂಜೀಕ ರೇಶ್ಮಿ ಸೀರಿ ಉಟ್ಟು ಹಂಚಲಿಕ್ಕೆ ಹೋಗೋರು ನಾವು. ಅವರು ಒಳಗ ಕೂಡ್ತಿದ್ರು. ನಾನೂ ಸುಮ್ಮನಿದ್ದೆ. ಅದು ಇವತ್ತಿಗೂ ಚುಚ್ಚತದ.

ತಾರೀಖು ಸರೀತದ, ಶೇಂಗಾ ಒಳಗ ಬರ್ತದ ಅಂದ ಮ್ಯಾಲೆ ಇದೂ ಬದಲಾಗಬಹುದಲ್ಲಾ? ಈ ಸಲ ಎಳ್ಳಿನ ಮೊದಲ ಹಿಡಿ ಒಳಗ ಕೂತವರ ಕೈಯಾಗ ಹಾಕ್ರಿ. ಅವರನ್ನ ಜೋಡಿ ಕರಕೊಂಡೇ ಹೊರಗ ಹೋಗ್ರಿ. ಎಳ್ಳು-ಬೆಲ್ಲದಂಗ ಇರೂಣು ಅಂತ ಬಾಯಿಲೆ ಅಂದ್ರ ಸಾಲದ್ರಿ.