ಕಾಗದದ ರೀಲಿನಿಂದ ಪತ್ರಿಕೆಯ ಕಟ್ಟಿನವರೆಗೆ

ನಾನು ಹೈಸ್ಕೂಲು ಓದುತ್ತಿದ್ದ 1975ರ ಸುಮಾರಿಗೆ ಪೆನ್ನಾಗರಂ ಬಸ್ ಸ್ಟ್ಯಾಂಡಿನ ಪಕ್ಕದ ಟೀ ಅಂಗಡಿಗೆ ಎರಡು ಪತ್ರಿಕೆಗಳು ಬರುತ್ತಿದ್ದವು. ತಮಿಳು ಪತ್ರಿಕೆ ಬೆಳಗಿನ ಮೊದಲ ಟೀ ಜೊತೆಗೇ ಬರುತ್ತಿತ್ತು. ಬೆಂಗಳೂರಿನ ಕನ್ನಡ ಪತ್ರಿಕೆ ಹೊಸೂರು, ಕೃಷ್ಣಗಿರಿ, ಧರ್ಮಪುರಿ ದಾಟಿ, ಒಂದು ಬಸ್ಸಿನಿಂದ ಇಳಿದು ಇನ್ನೊಂದು ಬಸ್ಸು ಹತ್ತಿ, ಊಟದ ಹೊತ್ತಿಗೆ ಬರುತ್ತಿತ್ತು. ಕಂಡಕ್ಟರು ಕಟ್ಟನ್ನು ಕೆಳಗೆ ಎಸೆಯುತ್ತಿದ್ದರು. ಅದನ್ನು ಬಿಚ್ಚುವವರೆಗೆ ನಮ್ಮ ತಂದೆ ಬೆಂಚಿನ ಮೇಲೆ ಕಾದು ಕೂತಿರುತ್ತಿದ್ದರು.

ಆ ಕಟ್ಟನ್ನು ಕುರಿತೇ ಇವತ್ತು ನಿಮ್ಮ ಜೊತೆ ಮಾತಾಡಬೇಕೆಂದಿದ್ದೇನೆ. ಪತ್ರಿಕೆಯ ಚರಿತ್ರೆ ಎಂದರೆ ಸಂಪಾದಕರ ಚರಿತ್ರೆ ಎಂದು ನಾವು ತಿಳಿದಿದ್ದೇವೆ. ಪತ್ರಿಕೆಗೆ ತೂಕವೂ ಇದೆ. ಸೀಸದ ತೂಕ, ಕಾಗದದ ತೂಕ, ಕಟ್ಟಿದ ಪತ್ರಿಕೆಗಳ ತೂಕ. ಅದನ್ನು ಬೆಳಗಾಗುವುದರೊಳಗೆ ಯಾರಾದರೂ ಎತ್ತಬೇಕು, ಸಾಗಿಸಬೇಕು. ಈ ಹೊರೆಯನ್ನು ಹಗುರ ಮಾಡಿದವರ ಕಥೆಯನ್ನು ನಾವು ಅಷ್ಟಾಗಿ ಕೇಳಿಲ್ಲ.

ಕನ್ನಡದ ಮೊದಲ ಪತ್ರಿಕೆಯಿಂದಲೇ ಹೊರಡೋಣ. 1843ನೇ ಇಸವಿ ಜುಲೈ 1ರಂದು ಬಾಸೆಲ್ ಮಿಶನ್ನಿನ ಹೆರ್ಮನ್ ಮೋಗ್ಲಿಂಗರು ಮಂಗಳೂರಿನಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರತಂದರು. ಅದು ಕಲ್ಲಚ್ಚಿನ ಪತ್ರಿಕೆ. ನಯವಾದ ಕಲ್ಲಿನ ಮೇಲೆ ಜಿಡ್ಡಿನ ಮಸಿಯಲ್ಲಿ ಬರೆದು, ಕಲ್ಲಿಗೆ ನೀರು ಸವರಿ, ಮಸಿ ಹಚ್ಚಿ, ಹಾಳೆ ಇಟ್ಟು, ಒತ್ತಿ, ಎತ್ತಬೇಕು. ಮುಂದಿನ ಹಾಳೆಗೆ ಮತ್ತೆ ನೀರು, ಮತ್ತೆ ಮಸಿ. ಮರುವರ್ಷ, 1844ರಲ್ಲಿ, ಪತ್ರಿಕೆ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ ಎಂಬ ಹೆಸರು ತಾಳಿತು. ಬಳ್ಳಾರಿಯಲ್ಲಿ ಅಚ್ಚಿನ ಮೊಳೆಗಳಿದ್ದವು. ಮೊಳೆಗಳು ಪತ್ರಿಕೆ ಇದ್ದಲ್ಲಿಗೆ ಬರಲಿಲ್ಲ, ಪತ್ರಿಕೆಯೇ ಮೊಳೆಗಳಿದ್ದಲ್ಲಿಗೆ ಹೋಯಿತು. ಆ ಕಾಲದಲ್ಲಿ ಸಾಮಾನು ಸಾಗಿಸುವುದು ಎಷ್ಟು ಕಷ್ಟವಿತ್ತೆಂದು ಇದರಿಂದಲೇ ನೀವು ಊಹಿಸಬಹುದು.

ಅದೇ ಹೊತ್ತಿಗೆ ಲಂಡನ್ನಿನಲ್ಲಿ ಉಗಿಯಂತ್ರದಿಂದ ಪತ್ರಿಕೆ ಅಚ್ಚಾಗತೊಡಗಿ 29 ವರ್ಷಗಳಾಗಿದ್ದವು. ಫ್ರೀಡ್ರಿಕ್ ಕೋನಿಗ್ ಎಂಬ ಜರ್ಮನ್ ಗೃಹಸ್ಥ ಕಟ್ಟಿದ ಯಂತ್ರದಲ್ಲಿ ‘ಟೈಮ್ಸ್’ ಪತ್ರಿಕೆ 1814ರ ನವೆಂಬರ್ 29ರಂದು ಅಚ್ಚಾಯಿತು. ಕೈಯಂತ್ರದಲ್ಲಿ ಇಬ್ಬರು ಗಟ್ಟಿ ಆಳುಗಳು ಗಂಟೆಗೆ 250 ಹಾಳೆ ಒತ್ತಿದರೆ ದೊಡ್ಡದು. ಈ ಯಂತ್ರ 1,100 ಒತ್ತಿತು. ಮಾಲೀಕ ಜಾನ್ ವಾಲ್ಟರ್ ಅದನ್ನು ಪಕ್ಕದ ಕಟ್ಟಡದಲ್ಲಿ ಗುಟ್ಟಾಗಿ ಕೂರಿಸಿದ್ದ. ಯೂರೋಪಿನಿಂದ ಸುದ್ದಿ ಬರಬೇಕಾಗಿದೆ, ಕಾಯಿರಿ ಎಂದು ರಾತ್ರಿ ತನ್ನ ಕೆಲಸಗಾರರಿಗೆ ಹೇಳಿಸಿದ. ಅವರು ಕಾದರು. ಬೆಳಗ್ಗೆ ಆರು ಗಂಟೆಗೆ ಅಚ್ಚಾದ ಪತ್ರಿಕೆ ಹಿಡಿದುಕೊಂಡೇ ಒಳಗೆ ಬಂದ. ಗಲಾಟೆ ಮಾಡಿದರೆ ತಡೆಯಲು ಜನ ಇದ್ದಾರೆ, ಸುಮ್ಮನಿದ್ದರೆ ಬೇರೆ ಕೆಲಸ ಸಿಗುವವರೆಗೆ ಸಂಬಳ ಕೊಡುತ್ತೇನೆ ಎಂದ.

ಆ ರಾತ್ರಿ ಕಾದು ಕೂತವರ ಮುಖಗಳು ನನಗೆ ಕಾಣುತ್ತವೆ. 1990ರ ದಶಕದಲ್ಲಿ ನಮ್ಮ ಶಾಖೆಗೆ ಮೊದಲ ಕಂಪ್ಯೂಟರ್ ಬಂದಾಗ ಲೆಡ್ಜರ್ ಬರೆಯುತ್ತಿದ್ದ ನಾವು ಅದನ್ನು ಹಾಗೆಯೇ ನೋಡಿದ್ದೆವು. ನಮಗೆ ಸಂಘವಿತ್ತು, ಒಪ್ಪಂದವಿತ್ತು. ಅವರಿಗೆ ಇದ್ದದ್ದು ಮಾಲೀಕನ ಮಾತೊಂದೇ.

ಯಂತ್ರಕ್ಕೆ ಉಗಿಯ ಬಲ ಬಂದರೂ ಹಾಳೆ ಇಡುವುದು, ಹಾಳೆ ತೆಗೆಯುವುದು ಕೈಯಿಂದಲೇ ಆಗಬೇಕಿತ್ತು. 1847ರಲ್ಲಿ ಅಮೆರಿಕದ ರಿಚರ್ಡ್ ಹೋ ಮೊಳೆಗಳನ್ನೇ ಉರುಳೆಗೆ ಸುತ್ತಿ ತಿರುಗಿಸುವ ಯಂತ್ರ ಕೊಟ್ಟ. ಗಂಟೆಗೆ 8,000 ಹಾಳೆ! ಆದರೆ ಅದರ ನಾಲ್ಕು ಕಡೆ ನಾಲ್ವರು ನಿಂತು ಒಂದೊಂದೇ ಹಾಳೆ ಉಣಿಸುತ್ತಿರಬೇಕು. ಮನುಷ್ಯನ ಕೈ ಎಷ್ಟು ವೇಗವೋ ಯಂತ್ರವೂ ಅಷ್ಟೇ ವೇಗ.

ಸುರುಳಿ ಕಾಗದ ಇರಲಿಲ್ಲವೇ ಎಂದು ನೀವು ಕೇಳಬಹುದು. ಇತ್ತು. ಉದ್ದನೆಯ ಕಾಗದ ತೆಗೆಯುವ ಯಂತ್ರಕ್ಕೆ ಫ್ರಾನ್ಸಿನ ಲೂಯಿ ನಿಕೊಲಾ ರಾಬರ್ಟ್ 1799ರಲ್ಲೇ ಹಕ್ಕುಪತ್ರ ಪಡೆದಿದ್ದ. ಇಂಗ್ಲೆಂಡಿನಲ್ಲಿ ಅಡ್ಡ ಬಂದದ್ದು ಸರ್ಕಾರದ ತೆರಿಗೆ. ಪತ್ರಿಕೆಯ ಪ್ರತಿ ಹಾಳೆಯ ಮೇಲೂ ಮುದ್ರೆ ಬೀಳಬೇಕಾಗಿತ್ತು, ಸುರುಳಿಗೆ ಮುದ್ರೆ ಒತ್ತುವುದು ಹೇಗೆ? ಆ ಕಡ್ಡಾಯ 1855ರಲ್ಲಿ ಹೋಯಿತು. ಒಂದು ಸೀಲಿಗಾಗಿ ಇಡೀ ಕೆಲಸ ನಿಲ್ಲುವುದನ್ನು ಬ್ಯಾಂಕಿನಲ್ಲಿ ನಾನೂ ಸಾಕಷ್ಟು ನೋಡಿದ್ದೇನೆ.

ಸುರುಳಿಯಿಂದಲೇ ನೇರವಾಗಿ ಎರಡೂ ಬದಿ ಅಚ್ಚೊತ್ತಿ ಕತ್ತರಿಸುವ ಯಂತ್ರಕ್ಕೆ 1863ರಲ್ಲಿ ಹಕ್ಕುಪತ್ರ ಪಡೆದವನು ಅಮೆರಿಕದ ವಿಲಿಯಂ ಬುಲಕ್. ಹಾಳೆ ಉಣಿಸುವ ಕೈಗಳು ಇನ್ನು ಬೇಡವಾದವು. 1867ರ ಏಪ್ರಿಲ್‌ನಲ್ಲಿ ಫಿಲಡೆಲ್ಫಿಯಾದ ಒಂದು ಪತ್ರಿಕೆಗೆ ಅವನು ತನ್ನ ಯಂತ್ರವನ್ನು ಕೂರಿಸುತ್ತಿದ್ದ. ಜಾರಿದ ಬೆಲ್ಟನ್ನು ಚಕ್ರಕ್ಕೆ ಸೇರಿಸಲು ಕಾಲಿನಿಂದ ಒದ್ದ. ಕಾಲು ಒಳಕ್ಕೆ ಸಿಕ್ಕಿ ನಜ್ಜುಗುಜ್ಜಾಯಿತು. ಗಾಯ ಕೊಳೆಯಿತು. ಕಾಲು ಕತ್ತರಿಸುವ ಶಸ್ತ್ರಚಿಕಿತ್ಸೆಯ ವೇಳೆ ಪ್ರಾಣ ಹೋಯಿತು. ನಮ್ಮ ಕಡೆ ಅಕ್ಕಿ ಗಿರಣಿಯಲ್ಲಿ ಬೆಲ್ಟನ್ನು ಕಾಲಿನಿಂದ ತಳ್ಳುವವರನ್ನು ನೀವೂ ನೋಡಿದ್ದೀರಿ. ದಯವಿಟ್ಟು ಮೋಟಾರು ನಿಲ್ಲಿಸಿ ಮುಟ್ಟಲು ಅವರಿಗೆ ಹೇಳಿ.

ಇನ್ನು ಸೀಸದ ಮಾತು. ಮೊಳೆ ಜೋಡಿಸಿ ಕಬ್ಬಿಣದ ಚೌಕಟ್ಟಿನಲ್ಲಿ ಬಿಗಿದ ಪುಟ ಭಾರಿ ತೂಕ. ಕೈತಪ್ಪಿ ಬಿದ್ದರೆ ಇಡೀ ದಿನದ ಕೆಲಸ ನೆಲದ ಪಾಲು. 1829ರಲ್ಲಿ ಫ್ರಾನ್ಸಿನ ಕ್ಲೋಡ್ ಜನೂ ಇದಕ್ಕೆ ಒಂದು ಉಪಾಯ ಕಂಡುಕೊಂಡ. ಒದ್ದೆ ಮಾಡಿದ ದಪ್ಪ ಕಾಗದವನ್ನು ಪುಟದ ಮೇಲೆ ಒತ್ತಿ ಪಡಿಯಚ್ಚು ತೆಗೆದು ಒಣಗಿಸುವುದು, ಅದಕ್ಕೆ ಸೀಸ ಎರೆಯುವುದು. ಕಾಗದದ ಅಚ್ಚಾದ್ದರಿಂದ ಅದನ್ನು ಬಗ್ಗಿಸಬಹುದು, ಉರುಳೆಗೆ ಹೊಂದುವ ಫಲಕ ಎರೆಯಬಹುದು, ಟಪಾಲಿನಲ್ಲಿ ಇನ್ನೊಂದು ಊರಿಗೂ ಕಳಿಸಬಹುದು. ಇಬ್ಬರು ಹೊರಬೇಕಾದ ಪುಟವನ್ನು ಒಬ್ಬ ಹುಡುಗ ಕಂಕುಳಲ್ಲಿಟ್ಟುಕೊಂಡು ಓಡುವಂತಾಯಿತು. ಆಫ್‌ಸೆಟ್ ಬಂದ ಮೇಲೆ ಸೀಸವೇ ಹೋಯಿತು; ಈಗ ಫಲಕವೆಂದರೆ ತೆಳು ಅಲ್ಯೂಮಿನಿಯಂ ತಗಡು.

ಸೀಸ ಹಗುರಾದರೂ ಕಾಗದ ಹಗುರಾಗಲಿಲ್ಲ. ಒಂದು ರೀಲು ಅರ್ಧ ಟನ್ನಿನಿಂದ ಟನ್ನು ದಾಟುವವರೆಗೂ ತೂಗುತ್ತದೆ. ಅದು ಮುಗಿದಾಗಲೆಲ್ಲ ಯಂತ್ರ ನಿಲ್ಲಿಸಿ ಹೊಸದನ್ನು ಏರಿಸಬೇಕಿತ್ತು, ಹೊತ್ತು ಕಳೆಯಿತೆಂದರೆ ಬಸ್ಸು ತಪ್ಪಿತು. ಇದಕ್ಕೆ ಬಂದ ಏರ್ಪಾಡು ನನಗೆ ಬಹಳ ಮೆಚ್ಚು. ತಿರುಗುವ ತೋಳುಗಳ ಮೇಲೆ ಹೊಸ ರೀಲನ್ನು ಮೊದಲೇ ಏರಿಸಿ, ಓಡುತ್ತಿರುವ ಕಾಗದದ ವೇಗಕ್ಕೇ ಅದನ್ನೂ ತಿರುಗಿಸುತ್ತಾರೆ. ಅದರ ಅಂಚಿಗೆ ಮೊದಲೇ ಅಂಟು ಹಚ್ಚಿರುತ್ತಾರೆ. ಸರಿಯಾದ ಗಳಿಗೆಗೆ ಅದು ಹಳೆಯ ಕಾಗದಕ್ಕೆ ಅಂಟುತ್ತದೆ, ಚಾಕು ಹಳೆಯದನ್ನು ಕತ್ತರಿಸುತ್ತದೆ. ಯಂತ್ರ ಒಂದು ಕ್ಷಣವೂ ನಿಲ್ಲುವುದಿಲ್ಲ. ಓಡುವ ಬಸ್ಸಿನಿಂದ ಪಕ್ಕದಲ್ಲಿ ಅಷ್ಟೇ ವೇಗವಾಗಿ ಓಡುವ ಬಸ್ಸಿಗೆ ಹೆಜ್ಜೆ ಇಟ್ಟ ಹಾಗೆ.

ಗಂಟೆಗೆ 70,000 ಪ್ರತಿ ಎಂದರೆ ಸೆಕೆಂಡಿಗೆ ಸುಮಾರು 19. ಅಷ್ಟನ್ನು ಯಾವ ಕೈ ಎತ್ತೀತು? ಒಂದೊಂದು ಪ್ರತಿಯನ್ನೂ ಒಂದೊಂದು ಹಿಡಿ ಕಚ್ಚಿಕೊಂಡು ಚಾವಣಿಯ ಕೆಳಗೆ ಸಾಗಿಸುವ ಸರಪಳಿಗಳು ಬಂದವು. 1957ರಲ್ಲಿ ಸ್ವಿಟ್ಜರ್‌ಲೆಂಡಿನಲ್ಲಿ ವಾಲ್ಟರ್ ರೈಸ್ಟ್ ಆರಂಭಿಸಿದ ಫೆರಾಗ್ ಕಂಪನಿ ಇದರಲ್ಲಿ ಹೆಸರು ಮಾಡಿತು. ಇದಕ್ಕೂ ಮುಂಚಿನ ಒಂದು ಚಿಕ್ಕ ಯುಕ್ತಿಯನ್ನು ಹೇಳಲೇಬೇಕು. ಮಡಿಸಿದ ಪತ್ರಿಕೆಗಳು ಸಾಲಾಗಿ ಹೊರಬರುವಾಗ ಪ್ರತಿ 25ನೆಯದನ್ನೋ 50ನೆಯದನ್ನೋ ಒಂದು ಕಡ್ಡಿ ಸ್ವಲ್ಪ ಪಕ್ಕಕ್ಕೆ ತಳ್ಳುತ್ತದೆ. ಕಟ್ಟುವವರು ಎಣಿಸುವುದೇ ಬೇಡ, ಓರೆಯಾದದ್ದನ್ನು ನೋಡಿ ಕಟ್ಟು ಹಾಕಿದರೆ ಸಾಕು. ನೂರು ನೋಟಿಗೆ ಒಂದು ಪ್ಯಾಕೆಟ್, ಹತ್ತು ಪ್ಯಾಕೆಟ್ಟಿಗೆ ಒಂದು ಬಂಡಲ್ ಎಂದು ಬೆರಳು ಸವೆಯುವವರೆಗೆ ಎಣಿಸಿದ ನನಗೆ ಇದನ್ನು ಕಂಡುಹಿಡಿದವನ ಕೈ ಕುಲುಕಬೇಕೆನಿಸುತ್ತದೆ.

ಕಾಗದ ನಮ್ಮ ನಾಡಿನದೇ ಆಗಲು ತಡವಾಯಿತು. ಮಧ್ಯಪ್ರದೇಶದ ನೇಪಾನಗರದಲ್ಲಿ 1955ರಲ್ಲಿ ಪತ್ರಿಕೆ ಕಾಗದದ ಉತ್ಪಾದನೆ ಶುರುವಾಯಿತು. ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆ ಇದಕ್ಕೆ ಕೈ ಹಾಕಿದ್ದು 1981ರಲ್ಲಿ. ಆ ಕಾರ್ಖಾನೆ ಕಳೆದ ದಶಕದಲ್ಲಿ ನಿಂತುಹೋಯಿತು. ನಮಗೆ ಹತ್ತಿರದ್ದು ಕರೂರು ಬಳಿಯ ಪುಗಳೂರಿನ ತಮಿಳುನಾಡು ನ್ಯೂಸ್‌ಪ್ರಿಂಟ್ ಕಾರ್ಖಾನೆ. ಅದು 1984ರಲ್ಲಿ ಕಬ್ಬಿನ ಸಿಪ್ಪೆಯಿಂದ ಕಾಗದ ತೆಗೆಯತೊಡಗಿತು. ಸಕ್ಕರೆ ಮಿಲ್ಲುಗಳು ಆ ಸಿಪ್ಪೆಯನ್ನು ಬಾಯ್ಲರಿಗೆ ಹಾಕಿ ಸುಡುತ್ತಿದ್ದವು. ನಿಮಗೆ ಕಲ್ಲಿದ್ದಲಿನಿಂದ ಉರಿಯುವ ಏರ್ಪಾಡು ಮಾಡಿಕೊಡುತ್ತೇವೆ, ಸಿಪ್ಪೆ ನಮಗೆ ಕೊಡಿ ಎಂದು ಕಾರ್ಖಾನೆ ಒಪ್ಪಂದ ಮಾಡಿಕೊಂಡಿತು. ನಮ್ಮ ಹೊಗೇನಕಲ್ಲಿನಲ್ಲಿ ಧುಮುಕಿದ ಕಾವೇರಿಯೇ ಮೆಟ್ಟೂರು ದಾಟಿ ಆ ಕಡೆ ಹರಿಯುತ್ತಾಳೆ.

ಕಟ್ಟು ಸಾಗಿಸುವುದಕ್ಕೆ ಯಾರೂ ಕಡಿಮೆ ಪಾಡು ಪಟ್ಟಿಲ್ಲ. ಮದರಾಸಿನ ‘ಹಿಂದೂ’ ಪತ್ರಿಕೆ 1963ರಲ್ಲಿ ಸ್ವಂತ ವಿಮಾನಗಳನ್ನೇ ಹಾರಿಸಿತು. 1969ರಲ್ಲಿ ಪುಟದ ಚಿತ್ರವನ್ನು ತಂತಿಯ ಮೂಲಕ ಕೊಯಮತ್ತೂರಿಗೆ ಕಳಿಸಿ ಅಲ್ಲೇ ಅಚ್ಚು ಹಾಕಿಸಿತು. ತೂಕವಿಲ್ಲದ ಪುಟ! ಊರೂರಿಗೆ ಅಚ್ಚುಕೂಟ ಬಂದದ್ದು ಈ ದಾರಿಯಲ್ಲೇ. ಆದರೆ ಕನ್ನಡ ಪತ್ರಿಕೆ ನಮಗೆ ಬೆಂಗಳೂರಿನಿಂದ ಬಸ್ಸಿನಲ್ಲೇ ಬರಬೇಕಿತ್ತು.

1991ರ ಡಿಸೆಂಬರ್ ನಿಮಗೆ ನೆನಪಿರಬಹುದು. ಕಾವೇರಿಯ ಮಧ್ಯಂತರ ಆದೇಶದ ಮೇಲೆ ಗಲಭೆಯಾಗಿ ಎರಡೂ ಕಡೆಯ ಬಸ್ಸುಗಳು ನಿಂತವು. ಬೆಂಗಳೂರಿನಲ್ಲಿ ಯಂತ್ರ ಎಷ್ಟು ವೇಗವಾಗಿ ತಿರುಗಿದರೇನು, ಕಟ್ಟು ಅತ್ತಿಬೆಲೆ ದಾಟಲಿಲ್ಲ. ನಾವು ಎರಡು ಭಾಷೆಯವರು. ಅದೇ ಕಾವೇರಿಯ ಸುದ್ದಿಯನ್ನು ಬೆಳಗ್ಗೆ ತಮಿಳಿನಲ್ಲಿ, ಮಧ್ಯಾಹ್ನ ಕನ್ನಡದಲ್ಲಿ ಓದಿ ನಡುವಿನದ್ದನ್ನು ನಾವೇ ಹುಡುಕಿಕೊಳ್ಳುತ್ತಿದ್ದೆವು. ಆ ದಿನಗಳಲ್ಲಿ ಒಂದೇ ಕಡೆಯ ಮಾತು. ಆ ಕಡೆ ನಮ್ಮ ನೆಂಟರು ಹೇಗಿದ್ದಾರೆಂಬ ಚಿಂತೆಯಲ್ಲಿ ಕಂಡದ್ದು, ಕೇಳಿದ್ದು, ಕಟ್ಟಿದ್ದು ಎಲ್ಲ ಸೇರಿ ಟೀ ಅಂಗಡಿಯಲ್ಲಿ ಬೆಳೆಯುತ್ತಿತ್ತು. ನಮ್ಮ ತಂದೆ ಆದರೂ ಊಟದ ಹೊತ್ತಿಗೆ ಹೋಗಿ ಬೆಂಚಿನ ಮೇಲೆ ಕೂರುತ್ತಿದ್ದರು.

ಬಸ್ಸು ಬಿಟ್ಟ ದಿನ ಅಷ್ಟು ದಿನಗಳ ಪತ್ರಿಕೆಗಳೂ ಒಂದೇ ಹಗ್ಗದಲ್ಲಿ ಬಂದವು. ತಂದೆ ಅವೆಲ್ಲವನ್ನೂ ಕೊಂಡು ತಂದರು. ಮನೆಯ ಜಗಲಿಯ ಮೇಲೆ ತಾರೀಕಿನ ಪ್ರಕಾರ ಜೋಡಿಸಿ, ಎಲ್ಲಕ್ಕಿಂತ ಹಳೆಯದನ್ನು ಬಿಡಿಸಿ, ಮೊದಲ ಪುಟದಿಂದ ಓದತೊಡಗಿದರು.